ಇಪ್ಪತ್ತೆಂಟಕ್ಕೆ ಮುಂಚಿನ ಹೆಸರು

ನವೆಂಬರ್ 4, ಸೋಮವಾರ

ಮೆಸ್‌ನಲ್ಲಿ ಪುಟ್ಟು, ಕಡಲೆ. ಪುಟ್ಟು ಒಣಗಿ ಮರಳಿನ ಹಾಗೆ. ಲ್ಯಾಬಿಗೆ ಹೋದರೆ ಸರ್ವರ್ ಮತ್ತೆ ಬಿದ್ದಿದೆ. ಲ್ಯಾಬಿನ ಜೊತೆಗಾರ ನೌಫಲ್ ಅದರ ಮುಂದೆ ಕೂತು ಅದರ ಅಪ್ಪ-ಅಮ್ಮನನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದ.

ಉಣ್ಣಿತ್ತಾನ್ ಸಾರ್ ಕರೆದರು. ನನ್ನ ಗೈಡ್ ಇಷ್ಟು ಖುಷಿಯಲ್ಲಿರುವುದನ್ನು ನಾನು ನೋಡಿಯೇ ಇರಲಿಲ್ಲ. ನಮ್ಮ ಕಂಪ್ಯೂಟರ್ ಮಾಡೆಲ್ ಆಸ್ಪತ್ರೆಯಲ್ಲಿ ಓಡಲು ಶುರುವಾಗಿದೆ. ನವಜಾತ ಶಿಶುಗಳ ಐಸಿಯುನಲ್ಲಿ ಪ್ರತಿ ತೊಟ್ಟಿಲ ಪಕ್ಕ ಒಂದು ಪುಟ್ಟ ಪರದೆ, ಗಂಟೆಗೊಮ್ಮೆ ಬಣ್ಣ. ಕೆಂಪು ಅಂದರೆ ಮುಂದಿನ ಎರಡು ದಿನ ಮಗುವಿನ ಜೀವಕ್ಕೆ ಅಪಾಯ. ಹಸಿರು ಅಂದರೆ ಇಲ್ಲ. ಐದು ವರ್ಷದ ದಾಖಲೆಗಳಿಂದ ಕಲಿಸಿದ್ದು. ಬದುಕಿದ ಒಂದು ಮಗು, ತೀರಿಕೊಂಡ ಒಂದು ಮಗು — ಹೀಗೆ ಜೋಡಿ ಮಾಡಿ ಕೊಟ್ಟರೆ ನೂರಕ್ಕೆ ತೊಂಬತ್ತನಾಲ್ಕು ಸಲ ಯಾವುದು ಯಾವುದೆಂದು ಸರಿಯಾಗಿ ಹೇಳುತ್ತದೆ.

"ಹದಿನೆಂಟಕ್ಕೆ ನಿನ್ನ ಪಿಎಚ್‌ಡಿ ಪ್ರಿ-ಸಬ್ಮಿಷನ್ ಸೆಮಿನಾರ್. ಡಿಸೆಂಬರ್‌ಗೆ ಫೆಲೋಶಿಪ್ ಮುಗಿಯುತ್ತೆ. ಇನ್ನು ಹೊಸದೇನೂ ಹುಡುಕೋಕೆ ಹೋಗ್ಬೇಡ ತುಷಾರ. ಇರೋದನ್ನ ಬರಿ."

"217ನೇ ಕಾಲಂ ಬಗ್ಗೆ ಒಂದು ಪ್ಯಾರಾ ಬೇಕಲ್ಲ ಸಾರ್."

ಗೋಪ್ಯತೆಗೆಂದು ಆಸ್ಪತ್ರೆಯವರು ಕಾಲಂಗಳ ಶೀರ್ಷಿಕೆ ತೆಗೆದು ಬರೀ ನಂಬರ್ ಕೊಟ್ಟಿದ್ದಾರೆ. ಹೆಚ್ಚಿನವನ್ನು ಊಹಿಸಬಹುದು — ತೂಕ, ಉಸಿರು, ಆಕ್ಸಿಜನ್. 217 ಏನೆಂದು ಗೊತ್ತಿಲ್ಲ. ಅದರಲ್ಲಿ ಸೊನ್ನೆ, ಇಲ್ಲವೇ ಒಂದು. ಮಾಡೆಲ್ ಎಲ್ಲಕ್ಕಿಂತ ಹೆಚ್ಚು ನಂಬುವುದು ಅದನ್ನೇ. ಹೋದ ವರ್ಷ ಕೇಳಿದ್ದೆ. ಅವರ ಐಟಿಯಿಂದ ಒಂದು ಸಾಲು ಬಂತು: ಆಡಳಿತ ಸಂಬಂಧಿ.

"ಯಾವುದೋ ಟ್ಯೂಬ್ ಹಾಕಿದಾರೋ ಇಲ್ವೋ ಅನ್ನೋದಿರುತ್ತೆ. ಚಿಕಿತ್ಸೆಯ ಸಂಕೀರ್ಣತೆಯ ಸೂಚಕ ಅಂತ ಬರಿ. ಪೇಪರ್‌ನಲ್ಲಿ ಹಾಗೇ ಹೋಗಿದೆ, ಯಾರೂ ಕೇಳಿಲ್ಲ."

ಹಾಗೇ ಬರೆದೆ.

ನೌಫಲ್ — "ಡಾಕ್ಟರ್ ತುಷಾರ! ಹಾರ್ಟ್ ಅಟ್ಯಾಕ್ ಆದ್ರೆ ಪ್ರಯೋಜನಕ್ಕೆ ಬಾರದ ಡಾಕ್ಟರ್! ಬಿರಿಯಾನಿ ಯಾವಾಗ?"

ನವೆಂಬರ್ 6, ಬುಧವಾರ

ಇವತ್ತಿನಿಂದ ವಾರ್ಡಿನಲ್ಲಿ ಕೂರಬೇಕು. ಪರದೆಯನ್ನು ಯಾರು ಎಷ್ಟು ನೋಡುತ್ತಾರೆ ಎಂಬ ಟಿಪ್ಪಣಿ, ಕೊನೆಯ ಅಧ್ಯಾಯಕ್ಕೆ.

ಟೋಪಿ, ಮಾಸ್ಕ್, ಮೊಣಕೈವರೆಗೆ ಸೋಪು. ಒಳಗೆ ಸೆಕೆ. ಮಕ್ಕಳಿಗೆ ಬೇಕಾದ ಸೆಕೆ, ನಮಗಲ್ಲ. ಮೂಲೆಯಲ್ಲಿ ಒಂದು ಸ್ಟೂಲು ಕೊಟ್ಟರು. ಇನ್‌ಚಾರ್ಜ್ ಸಿಸ್ಟರ್ ತ್ರೇಸ್ಯಾಮ್ಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು. ಅವರಿಗೆ ಹುಡುಗಿಯರೆಲ್ಲ ಮೋಳೆ, ಮಗಳು; ನಮಗೆಲ್ಲ ಅವರು ಚೇಚಿ, ಅಕ್ಕ.

"ಪರದೆ ಬಣ್ಣ ನೋಡೋಕೆ ಬಂದ್ಯಾ ಮೋಳೆ? ಹಾಗೇ ನನ್ನ ಮುಖದ ಬಣ್ಣ ನೋಡಿ ಹೇಳು, ಇವತ್ತು ಊಟಕ್ಕೆ ಹೋಗ್ತೀನೋ ಇಲ್ವೋ ಅಂತ."

"ಅದಕ್ಕೆ ಡೇಟಾ ಸಾಲದು ಚೇಚಿ."

"ಇಪ್ಪತ್ತೊಂಬತ್ತು ವರ್ಷದ ಡೇಟಾ ಇದೆ. ಹೋಗಲ್ಲ. ಬರ್ಕೋ."

ನಾಲ್ಕನೇ ತೊಟ್ಟಿಲ ಪಕ್ಕ ಒಬ್ಬ ತಾಯಿ. ಸಜಿನಿ. ನನಗಿಂತ ಚಿಕ್ಕವಳು. ಮಗು ಎರಡನೇ ತಾರೀಕು ಹುಟ್ಟಿದ್ದು, ದಿನ ತುಂಬುವ ಮುಂಚೆ, ಒಂದು ಕಿಲೋಗಿಂತ ತುಸು ಹೆಚ್ಚು. ತೊಟ್ಟಿಲ ಚೀಟಿಯಲ್ಲಿ 'ಸಜಿನಿಯ ಮಗು, ಗಂಡು'. ಪರದೆ ಹಸಿರು. ಅವಳ ಅತ್ತೆ ಹೊರಗಿನ ಬೆಂಚಿನಲ್ಲೇ ವಾಸ, ಪರ್ಸಿನಲ್ಲಿ ಕಪ್ಪು ದಾರ ಇಟ್ಟುಕೊಂಡಿದ್ದಾರಂತೆ. ಇಪ್ಪತ್ತೆಂಟನೇ ದಿನ ಮಗುವಿನ ಸೊಂಟಕ್ಕೆ ಕಟ್ಟಿ, ಕಿವಿಯಲ್ಲಿ ಹೆಸರು ಹೇಳಲು.

"ಹೆಸರು ಆರಿಸಿ ಆಯ್ತಾ?" ಸುಮ್ಮನೆ ಕೇಳಿದೆ.

ಸಜಿನಿ ಗಾಬರಿಯಿಂದ ಸಿಸ್ಟರ್ ಕಡೆ ನೋಡಿದಳು. "ಇಲ್ಲಿ ಆ ಮಾತು ಬೇಡ ಚೇಚಿ."

ಸಂಪ್ರದಾಯಸ್ಥರು ಅಂದುಕೊಂಡೆ.

ನವೆಂಬರ್ 8, ಶುಕ್ರವಾರ

ಇದನ್ನು ಕ್ರಮವಾಗಿ ಬರೆಯಬೇಕು. ಇಲ್ಲವಾದರೆ ನಾನೇ ನಂಬುವುದಿಲ್ಲ.

ಬೆಳಿಗ್ಗೆ ಆರನೇ ತೊಟ್ಟಿಲು. ರೋಸ್ಮಿ ಎಂಬವಳ ಮಗು, ಸೋಂಕು ರಕ್ತಕ್ಕೆ ಹೋಗಿದೆ. ತ್ರೇಸ್ಯಾಮ್ಮ ಚೇಚಿ ಒಂದು ಸಿರಿಂಜಿನಲ್ಲಿ ನೀರು ತೆಗೆದುಕೊಂಡು ಮಗುವಿನ ನೆತ್ತಿಗೆ ಮೂರು ಹನಿ ಬಿಟ್ಟರು. ಅವರ ತುಟಿ ಅಲುಗಿತು. ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ. ಆಮೇಲೆ ಕಂಪ್ಯೂಟರಿಗೆ ಹೋಗಿ ಏನೋ ಟೈಪ್ ಮಾಡಿದರು. ಮುಂದಿನ ಗಂಟೆ ಪರದೆ ಕೆಂಪಾಯಿತು.

ನನಗೆ ಹೆಮ್ಮೆಯಾಯಿತು. ಅದನ್ನೂ ಬರೆಯಬೇಕು. ಮಗು ಸಾಯುತ್ತಿತ್ತು, ನನ್ನ ಮಾಡೆಲ್ ಸರಿಯಾಗಿ ಹಿಡಿಯಿತು ಎಂದು ನನಗೆ ಹೆಮ್ಮೆಯಾಯಿತು.

ಮಧ್ಯಾಹ್ನ ಒಂದನೇ ತೊಟ್ಟಿಲು. ಪೊನ್ನಾನಿಯ ದಂಪತಿ. ಸಿಸ್ಟರ್ ತಂದೆಯನ್ನು ಒಳಗೆ ಕರೆಸಿದರು. "ಏನಂತ ಕರೀಬೇಕು ಅಂತಿದ್ರಿ?" ಆತ ಒಂದು ಹೆಸರು ಹೇಳಿದ. ಮತ್ತೆ ಕಂಪ್ಯೂಟರ್. ಮುಂದಿನ ಗಂಟೆ ಕೆಂಪು. ಆದರೆ ಆ ಒಂದು ಗಂಟೆಯಲ್ಲಿ ಮಗುವಿನ ನಾಡಿ, ಆಕ್ಸಿಜನ್, ಉಸಿರು ಯಾವುದೂ ಬದಲಾಗಿರಲಿಲ್ಲ. ನಾನು ಬರೆದುಕೊಳ್ಳುತ್ತಿದ್ದೆನಲ್ಲ. ಬದಲಾದದ್ದು ಒಂದೇ, ಸಿಸ್ಟರ್ ಟೈಪ್ ಮಾಡಿದ್ದು.

ಕೇಳಿದೆ. ಚೇಚಿ ಕೈ ತೊಳೆಯುತ್ತಲೇ ಹೇಳಿದರು.

"ಹೋಗೋ ಮಗು ಹೆಸರಿಲ್ಲದೆ ಹೋಗಬಾರದು ಮೋಳೆ. ಸರ್ಟಿಫಿಕೇಟ್‌ನಲ್ಲಿ 'ರೋಸ್ಮಿಯ ಮಗು' ಅಂತ ಬಂದ್ರೆ ಆ ತಾಯಿ ಏನಂತ ಕರೆದು ಅಳಬೇಕು? ನಮ್ಮ ಕ್ರೈಸ್ತರಾದ್ರೆ ಹೆಸರು ಕೇಳಿ, ನೀರು ಹಾಕಿ ಜ್ಞಾನಸ್ನಾನ ಮಾಡಿಸ್ತೀನಿ. ಬೇರೆಯವರಾದ್ರೆ ಕೇಳಿ ಬರೀತೀನಿ. ಇಲ್ಲಿ ಎಲ್ಲ ಸಿಸ್ಟರ್‌ಗಳೂ ಹೀಗೇ."

"ಬದುಕೋ ಮಕ್ಕಳಿಗೆ?"

"ಅವಕ್ಕೆ ಮನೇಲಿ ಇಡ್ತಾರೆ. ಅದನ್ನ ತಿದ್ದಿಸೋಕೆ ಇಲ್ಲಿಗೆ ಯಾರು ವಾಪಸ್ ಬರ್ತಾರೆ?"

ಲಾಗ್ ತೆರೆದೆ. ಎರಡೂ ಮಕ್ಕಳ 217 ಇವತ್ತು ಸೊನ್ನೆಯಿಂದ ಒಂದಾಗಿದೆ. ಗೋಪ್ಯತೆಗೆಂದು ಹೆಸರನ್ನು ಅಳಿಸಿ, ಹೆಸರು ಬದಲಾಯಿತೇ ಎಂಬ ಗುರುತನ್ನು ಮಾತ್ರ ಉಳಿಸಿ ನಮಗೆ ಕೊಟ್ಟಿದ್ದಾರೆ.

ನನ್ನ ಮಾಡೆಲ್‌ಗೆ ಕಾಯಿಲೆ ಏನೂ ಗೊತ್ತಿಲ್ಲ. ಸಿಸ್ಟರ್‌ಗಳು ಆಸೆ ಬಿಟ್ಟ ಮಗು ಯಾವುದು ಎಂದು ಇಣುಕಿ ನೋಡಿ, ಅದನ್ನೇ ನಮಗೆ ತಿರುಗಿ ಹೇಳುತ್ತಿದೆ.

ಹೆಸರಿಲ್ಲದ ಮಗುವಿಗೆಲ್ಲ ಹಸಿರು. ಅದು ಹೇಗೇ ಇರಲಿ.

ನವೆಂಬರ್ 9, ಶನಿವಾರ

217 ತೆಗೆದು ಮತ್ತೆ ಓಡಿಸಿದೆ. ತೊಂಬತ್ತನಾಲ್ಕರ ಜಾಗದಲ್ಲಿ ಅರವತ್ತೊಂದು.

ನಾಣ್ಯ ಚಿಮ್ಮಿದರೆ ಐವತ್ತು.

ಬೇರೆ ವಿಧಾನ ಹಾಕಿದೆ. ಅರವತ್ತು. ಇನ್ನೊಂದು — ಅರವತ್ತೆರಡು. ನೌಫಲ್ ಹಿಂದೆ ನಿಂತು ನೋಡಿದ. ತಮಾಷೆ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಹಾಲಿಲ್ಲದ ಕಟ್ಟನ್ ಚಹಾ ತಂದು ಇಟ್ಟು ಹೋದ. ಅದೇ ಹೆಚ್ಚು ಹೆದರಿಸಿತು.

ನವೆಂಬರ್ 11, ಸೋಮವಾರ

ಸಾರ್‌ಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಅಂಕಿ ಬದಲಾಗಲಿಲ್ಲ.

"ಎಷ್ಟು ಜನಕ್ಕೆ ಹೇಳಿದೀಯ?"

"ನೌಫಲ್‌ಗೆ ಗೊತ್ತು."

"ಹದಿನೆಂಟು ಮುಗೀಲಿ. ಆಮೇಲೆ ಸುಧಾರಿತ ಆವೃತ್ತಿ ಅಂತ ಬದಲಾಯಿಸೋಣ. ಎಲ್ಲರೂ ಮಾಡೋದೇ."

"ಅಲ್ಲಿವರೆಗೆ ಪರದೆ ಆರಿಸೋಣ ಸಾರ್."

"ಆರಿಸೋಕೆ ನನ್ನ ಸಹಿ ಬೇಕು. ಸಹಿ ಹಾಕಿದ್ರೆ ಕಾರಣ ಬರೀಬೇಕು. ಬರೆದ್ರೆ ಎರಡು ಪೇಪರ್ ವಾಪಸ್, ಆಸ್ಪತ್ರೆ ಒಪ್ಪಂದ ರದ್ದು, ನಿನ್ನ ಐದು ವರ್ಷ..." ಕೈಯನ್ನು ಗಾಳಿಯಲ್ಲಿ ಬಿಟ್ಟರು. "ಡಾಕ್ಟರ್‌ಗಳೇನು ಕಣ್ಣು ಕಟ್ಕೊಂಡು ಪರದೆ ನಂಬ್ತಾರಾ? ಅವರಿಗೂ ಓದು ಬರಹ ಇದೆ."

ಹೊರಡುವಾಗ ಮೆಲ್ಲಗೆ ಹೇಳಿದರು — "ನಾನೂ ನಿನ್ನೆ ಮೊನ್ನೆಯ ಹುಡುಗ ಅಲ್ಲ ತುಷಾರ. ನನಗೂ ರಿಟೈರ್ ಆಗೋಕೆ ಎರಡೇ ವರ್ಷ."

ಅವರ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಹೆದರಿದ ಮನುಷ್ಯ. ನನ್ನ ಹಾಗೇ.

ಐಸಿಯು ಮುಖ್ಯಸ್ಥೆ ಡಾ. ಫಸೀಲ ಉಮ್ರಾ ಯಾತ್ರೆಗೆ ಹೋಗಿದ್ದಾರೆ, ಇಪ್ಪತ್ತಕ್ಕೆ ಬರುವುದು. ಫೋನ್ ಬಂದ್. ಇ-ಮೇಲ್ ಹಾಕಿದೆ. ಆಸ್ಪತ್ರೆಯ ನಿರ್ದೇಶಕರಿಗೂ.

ನವೆಂಬರ್ 13, ಬುಧವಾರ. ಹರತಾಳ

ಬಸ್ ಇಲ್ಲ, ಆಟೋ ಇಲ್ಲ. ರಸ್ತೆಯ ನಡುವೆ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಮೆಸ್‌ನಲ್ಲಿ ಗಂಜಿ, ಹೆಸರುಕಾಳು.

ನಿರ್ದೇಶಕರ ಕಚೇರಿಯಿಂದ ಉತ್ತರ: ತಾಂತ್ರಿಕ ದೂರುಗಳನ್ನು ಯೋಜನೆಯ ಮುಖ್ಯ ಸಂಶೋಧಕರ ಮೂಲಕ ಕಳುಹಿಸತಕ್ಕದ್ದು. ಮುಖ್ಯ ಸಂಶೋಧಕರು — ಉಣ್ಣಿತ್ತಾನ್ ಸಾರ್.

ಅಮ್ಮನ ಫೋನ್. "ಹದಿನೆಂಟಕ್ಕೆ ಮುಗಿದುಬಿಡುತ್ತಲ್ಲ ಮೋಳೆ? ಪಕ್ಕದ್ಮನೆ ಲೈಲಚೇಚಿ ಸಿಕ್ಕಾಗೆಲ್ಲ ಕೇಳ್ತಾಳೆ, ಅವಳ ಮಗ ಎಂಬಿಬಿಎಸ್ಸೇ ಮುಗಿಸಿದ, ನಿಮ್ಮವಳದು ಅದೇನು ಅಷ್ಟು ಉದ್ದ ಅಂತ."

"ಮುಗಿಯುತ್ತೆ ಅಮ್ಮ."

"ದನಿ ಯಾಕೆ ಹಾಗಿದೆ?"

"ಹರತಾಳ ಅಲ್ವಾ. ಮಲಗಿದ್ದೆ."

ಸುಳ್ಳಲ್ಲ. ಮಲಗಿಯೇ ಇದ್ದೇನೆ. ಏಳಲು ಆಗುತ್ತಿಲ್ಲ.

ನವೆಂಬರ್ 14, ಗುರುವಾರ

ಸಜಿನಿಯ ಮಗು ಹಾಲು ಇಳಿಸಿಕೊಳ್ಳುತ್ತಿಲ್ಲ. ನಳಿಗೆಯಲ್ಲಿ ಕೊಟ್ಟದ್ದು ಹಸಿರಾಗಿ ವಾಪಸ್ ಬರುತ್ತಿದೆ. ಹೊಟ್ಟೆ ಉಬ್ಬಿ ಚರ್ಮ ಮಿನುಗುತ್ತಿದೆ. ಪರದೆ — ಹಸಿರು. ಮೊದಲಿನಿಂದಲೂ ಹಸಿರು.

ಗೋಡೆಗೆ ಅಂಟಿಸಿದ ಕಾಗದವನ್ನು ಇವತ್ತು ಮೊದಲ ಸಲ ಪೂರ್ತಿ ಓದಿದೆ. ಹಾಸಿಗೆ ಸಾಲದಾದಾಗ, ಸತತ ಎರಡು ದಿನ ಹಸಿರಿರುವ ಮಗುವನ್ನು ಕೆಳಗಿನ ಕೋಣೆಗೆ ಕಳಿಸತಕ್ಕದ್ದು. ಕೆಳಗೆ ವೆಂಟಿಲೇಟರ್ ಇಲ್ಲ, ಹತ್ತು ಮಕ್ಕಳಿಗೆ ಒಬ್ಬ ಸಿಸ್ಟರ್. ಮುಂಚೆ ಯಾರನ್ನು ಕಳಿಸುವುದೆಂದು ಡಾಕ್ಟರುಗಳು ಜಗಳವಾಡುತ್ತಿದ್ದರಂತೆ. ಜಗಳ ನಿಲ್ಲಲಿ ಎಂದು ಈ ಕಾಗದ. ಕಾಗದಕ್ಕೆ ಆಧಾರ ನಾನು.

ಕುನ್ನಂಕುಳಂನಿಂದ ಒಂದು ಮಗುವನ್ನು ನಾಳೆ ಬೆಳಿಗ್ಗೆ ಕರೆತರುತ್ತಾರೆ. ನಾಲ್ಕನೇ ತೊಟ್ಟಿಲು ಖಾಲಿ ಮಾಡಬೇಕು.

ಡ್ಯೂಟಿ ಡಾಕ್ಟರ್ ಜಿಬಿನ್. ಹೊಸಬ, ಕಣ್ಣ ಕೆಳಗೆಲ್ಲ ಕಪ್ಪು. ಎಲ್ಲ ಹೇಳಿದೆ. ಎರಡು ಸಲ ಹೇಳಿದೆ.

"ಮೇಡಂ, ಕೆಳಗೆ ಕಳಿಸೋಕೆ ನನಗೂ ಮನಸ್ಸಿಲ್ಲ. ಆದ್ರೆ ಹಸಿರು ಮಗೂನ ಇಟ್ಕೊಂಡು, ಬರೋ ಮಗು ಆಂಬ್ಯುಲೆನ್ಸ್‌ನಲ್ಲೇ ಏನಾದ್ರೂ ಆದ್ರೆ ಕಮಿಟಿ ಮುಂದೆ ನಿಲ್ಲೋನು ನಾನು. ಪರದೆ ತಪ್ಪು ಅಂತ ನಿಮ್ಮ ಸಾರ್ ಕೈಲಿ ಒಂದು ಸಾಲು ಬರೆಸ್ಕೊಂಡ್ಬನ್ನಿ, ಈಗ್ಲೇ ನಿಲ್ಲಿಸ್ತೀನಿ."

"ನಾನು ಬರೆದು ಕೊಡ್ತೀನಿ."

"ನೀವು ಸ್ಟೂಡೆಂಟ್ ಮೇಡಂ."

ತ್ರೇಸ್ಯಾಮ್ಮ ಚೇಚಿ ಮಧ್ಯೆ ಬಾಯಿ ಹಾಕಿದರು. "ಜಿಬಿನೇ, ಪರದೆ ಬಿಡು, ಹೊಟ್ಟೆ ನೋಡು."

"ನೋಡಿದೆ ಸಿಸ್ಟರ್. ನಾನು ನೋಡಿದ್ದನ್ನ ಯಾರು ನೋಡ್ತಾರೆ?"

ಸಾರ್‌ಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಮನೆಗೇ ಹೋದೆ. ಅವರ ಹೆಂಡತಿ ಬಾಗಿಲಲ್ಲೇ, ಸೆರಗಿಗೆ ಕೈ ಒರೆಸಿಕೊಳ್ಳುತ್ತ — "ತಿರುವನಂತಪುರಕ್ಕೆ ಹೋಗಿದ್ದಾರಲ್ಲ. ನಿಂಗೆ ಹೇಳಿಲ್ವಾ?" ಸಾರ್ ಚಪ್ಪಲಿ ಮೆಟ್ಟಿಲ ಮೇಲಿತ್ತು. ಇನ್ನೊಂದು ಜೊತೆ ಇರಬಹುದು. ಇರಲಿ.

ನವೆಂಬರ್ 15, ಶುಕ್ರವಾರ, ಬೆಳಿಗ್ಗೆ 6.40, ಬಸ್ಸಿನಲ್ಲಿ

ಪರದೆ ಕೆಂಪಾಗಬೇಕು. ಅದನ್ನು ಕೆಂಪು ಮಾಡುವುದು ಒಂದೇ.

ಇದು ಮೋಸ. ಗೊತ್ತು. ಇನ್ನೇನೂ ಹೊಳೆಯುತ್ತಿಲ್ಲ.

ನವೆಂಬರ್ 15, ಮಧ್ಯಾಹ್ನ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ತ್ರೇಸ್ಯಾಮ್ಮ ಚೇಚಿಗೆ ಹೇಳಿದೆ — ಏನಾದರೊಂದು ಹೆಸರು ಟೈಪ್ ಮಾಡಿ, ಉಣ್ಣಿಕುಟ್ಟನ್ ಅಂತಲೋ ಏನೋ, ಗಂಟೆಯೊಳಗೆ ಕೆಂಪಾಗುತ್ತದೆ, ಮಗು ಇಲ್ಲೇ ಉಳಿಯುತ್ತದೆ.

ಅವರು ಕೈಯಲ್ಲಿದ್ದ ಚಾರ್ಟು ಕೆಳಗಿಟ್ಟರು.

"ಅಂದ್ರೆ ಇಷ್ಟು ದಿನ ಅದು ನೋಡ್ತಿದ್ದದ್ದು ನನ್ನ ಬೆರಳನ್ನಾ?"

"ಹೌದು ಚೇಚಿ."

"ಅಯ್ಯೋ ದೇವರೇ." ಕುರ್ಚಿಯ ಬೆನ್ನು ಹಿಡಿದುಕೊಂಡರು. ಆಮೇಲೆ — "ಮಾಡ್ತೀನಿ. ಆದ್ರೆ ಹೆತ್ತವರ ಬಾಯಿಂದ ಬಾರದ ಹೆಸರು ನಾನು ಬರೆದೋಳಲ್ಲ. ಇವತ್ತೂ ಬರೆಯಲ್ಲ. ಹೋಗಿ ಕೇಳು."

"ನಾನಾ?"

"ನಾನು ಕೇಳಿದ್ರೆ ಅವಳು ಅಲ್ಲೇ ಬಿದ್ದುಹೋಗ್ತಾಳೆ ಮೋಳೆ. ನಾನು ಕೇಳೋದು ಯಾವಾಗ ಅಂತ ಈ ವಾರ್ಡಿನ ತಾಯಂದಿರಿಗೆಲ್ಲ ಗೊತ್ತು."

ಸಜಿನಿ ಗಾಜಿನ ತೊಟ್ಟಿಲ ತೂತಿನಲ್ಲಿ ಕೈ ಹಾಕಿ ಒಂದು ಬೆರಳನ್ನು ಮಗುವಿನ ಅಂಗೈಗೆ ಕೊಟ್ಟಿದ್ದಳು. ಪಕ್ಕ ಕೂತೆ. ಕಂಪ್ಯೂಟರ್ ತಪ್ಪು ಹೇಳುತ್ತಿದೆ ಎಂದೆ. ಆ ತಪ್ಪು ನನ್ನದು ಎಂದೆ. ಹೆಸರು ಬರೆದರೆ ಅದು ಎಚ್ಚರಿಕೆ ಕೊಡುತ್ತದೆ, ಮಗುವನ್ನು ಕೆಳಗೆ ಕಳಿಸುವುದಿಲ್ಲ ಎಂದೆ. ಎಲ್ಲ ನಿಜ. ಒಂದೊಂದು ಪದವೂ ನಿಜ.

ಅವಳು ನನ್ನ ಕಡೆ ತಿರುಗಲಿಲ್ಲ.

"ರೋಸ್ಮಿಗೂ ಏನೋ ಒಂದು ಹೇಳಿ ಕೇಳಿದ್ರು."

"ಇದು ಹಾಗಲ್ಲ ಸಜಿನಿ. ಇದು ಬರೀ ಯಂತ್ರಕ್ಕೆ. ನಿನ್ನ ಮಗುವನ್ನ ಉಳಿಸಿಕೊಳ್ಳೋಕೆ."

"ಎಲ್ಲರಿಗೂ ಹಾಗೇ ಹೇಳ್ತೀರಿ ಚೇಚಿ. ಉಳಿಸಿಕೊಳ್ಳೋಕೆ ಅಂತಲೇ ಹೇಳ್ತೀರಿ."

"ನನ್ನನ್ನ ನಂಬು."

"ನೀವು ಯಾರು?"

ಜಿಬಿನ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಕೆಳಗಿನಿಂದ ಟ್ರಾಲಿ ಬಂದಾಗಿತ್ತು.

ಆಗ ಸಜಿನಿ ಹೆಸರು ಹೇಳಿದಳು. ನನಗಲ್ಲ, ಮಗುವಿಗೆ. ತೊಟ್ಟಿಲ ಗಾಜಿಗೆ ಬಾಯಿ ಹಚ್ಚಿ. ಗಾಜು ಮಬ್ಬಾಯಿತು. ನನಗೆ ನಂಬಿಕೆ ಬಂದು ಹೇಳಿದ್ದಲ್ಲ. ನಂಬಿಕೆ ಮುಗಿದು ಹೇಳಿದ್ದು. ಕೂಗಲಿಲ್ಲ, ಅಳಲಿಲ್ಲ. ಅಳು ಬಂದದ್ದು ಹೊರಗಿನ ಬೆಂಚಿನಿಂದ. ಯಾರು ಹೇಳಿದರೋ, ಅತ್ತೆ ಬಾಗಿಲು ತಳ್ಳಿಕೊಂಡು ಒಳಗೇ ಬಂದುಬಿಟ್ಟರು, ಚಪ್ಪಲಿ ಕಾಲಲ್ಲೇ. ಪರ್ಸು ತೆರೆದು ಕಪ್ಪು ದಾರ ತೆಗೆದು ತ್ರೇಸ್ಯಾಮ್ಮ ಚೇಚಿಯ ಕೈಗೆ ಕೊಟ್ಟರು.

"ಹಾಗಾದ್ರೆ ಇದನ್ನೂ ಈಗಲೇ ಕಟ್ಟಿಬಿಡಿ ಸಿಸ್ಟರೇ. ಖಾಲಿ ಸೊಂಟದಲ್ಲಿ ಕಳಿಸ್ಬೇಡಿ."

ಚೇಚಿ ದಾರವನ್ನು ಸುತ್ತಿ, ಪರ್ಸಿಗೆ ವಾಪಸ್ ಹಾಕಿ, ತಾವೇ ಜಿಪ್ ಎಳೆದರು.

"ಇದು ಇಪ್ಪತ್ತೆಂಟಕ್ಕೆ ಅಮ್ಮಾ. ಪರ್ಸಲ್ಲೇ ಇರ್ಲಿ. ಚಪ್ಪಲಿ ಹೊರಗೆ ಬಿಡಿ."

ಹೋಗಿ ಟೈಪ್ ಮಾಡಿದರು. ಒಂದೊಂದೇ ಅಕ್ಷರ. ಹತ್ತು ಗಂಟೆಗೆ ಪರದೆ ಕೆಂಪಾಯಿತು.

ಕೆಂಪು ಬಂದದ್ದೇ ಜಿಬಿನ್ ಬೇರೆಯೇ ಮನುಷ್ಯನಾದ. ಎಕ್ಸ್-ರೇ ಬರೆದ, ಸರ್ಜನ್‌ಗೆ ಫೋನ್ ಮಾಡಿದ, ಹಾಲು ನಿಲ್ಲಿಸಿದ. ಕರುಳಿಗೆ ಸೋಂಕು. ಕೆಳಗೆ ಹೋಗಿದ್ದರೆ ಸಂಜೆಯವರೆಗೆ ಯಾರೂ ನೋಡುತ್ತಿರಲಿಲ್ಲ. ಈಗ ನೋಡಿದ್ದಾರೆ. ಉಳಿಯುತ್ತದೆ ಎಂದು ಯಾರೂ ಹೇಳಲಿಲ್ಲ.

ಕುನ್ನಂಕುಳಂನ ಆಂಬ್ಯುಲೆನ್ಸ್ ಗೇಟಿನವರೆಗೆ ಬಂದು ಬೇರೆ ಆಸ್ಪತ್ರೆಗೆ ತಿರುಗಿತು. ಕಿಟಕಿಯಿಂದ ನೋಡಿದೆ. ಆ ಮಗುವಿನ ತಾಯಿಯ ಹೆಸರು ನನಗೆ ಗೊತ್ತಿಲ್ಲ. ತಿರುಗಿಸಿದ್ದು ನಾನು.

ನವೆಂಬರ್ 18, ಸೋಮವಾರ, ಬೆಳಿಗ್ಗೆ, ಸೆಮಿನಾರ್ ಹಾಲಿನ ಹೊರಗೆ

ಎರಡು ದಿನ ಬರೆಯಲಿಲ್ಲ. ಸ್ಲೈಡುಗಳನ್ನು ಮತ್ತೆ ಮಾಡಿದೆ. ಅರವತ್ತೆಂಟು ಇದ್ದವು, ಈಗ ಒಂಬತ್ತು. ಮೊದಲನೆಯದರಲ್ಲೇ ಅರವತ್ತೊಂದು ಎಂಬ ಅಂಕಿ, ಎರಡನೆಯದರಲ್ಲಿ 217 ಏನು ಎಂಬುದು. ಮೂರನೆಯದರಲ್ಲಿ ನಾಲ್ಕನೇ ತೊಟ್ಟಿಲು. ಆಂಬ್ಯುಲೆನ್ಸ್ ಕೂಡ ಹಾಕಿದ್ದೇನೆ.

ನಿನ್ನೆ ಸಾರ್‌ಗೆ ಕಳಿಸಿದೆ. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ. ಈಗ ನನ್ನನ್ನು ದಾಟಿ ಒಳಗೆ ಹೋದರು. ಶೇವ್ ಮಾಡಿರಲಿಲ್ಲ. ಕೈಯಲ್ಲೊಂದು ಮಡಚಿದ ಕಾಗದ. ಪರದೆ ಆರಿಸಲು ಸಹಿ ಹಾಕಿದ್ದೋ, ನನ್ನನ್ನು ತೆಗೆದುಹಾಕುವುದೋ, ಗೊತ್ತಿಲ್ಲ.

ನೌಫಲ್ — "ಡಾಕ್ಟರ್ ಆಗಲ್ಲ ಬಿಡು. ಬಿರಿಯಾನಿ ನಾನೇ ಕೊಡಿಸ್ತೀನಿ." ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಇಟ್ಟು ಬಂದ.

ಅಮ್ಮನಿಗೆ ಹೇಳಿಲ್ಲ.

ತ್ರೇಸ್ಯಾಮ್ಮ ಚೇಚಿ ಬೆಳಿಗ್ಗೆ ಒಂದು ಸಾಲು ಕಳಿಸಿದ್ದಾರೆ. ಇದ್ದಾನೆ, ಹೊಟ್ಟೆ ಹಾಗೇ ಇದೆ. ನಿನ್ನೆಯೂ ಅದೇ ಸಾಲು. ಸಜಿನಿ ಈಗ ಯಾರ ಜೊತೆಯೂ ಮಾತನಾಡುವುದಿಲ್ಲವಂತೆ. ಗಾಜಿಗೆ ಬಾಯಿ ಹಚ್ಚಿ ಆ ಹೆಸರನ್ನೇ ಹೇಳುತ್ತಿರುತ್ತಾಳಂತೆ, ಇಡೀ ದಿನ.

ಅವನ ಹೆಸರು ಇಲ್ಲಿ ಬರೆಯುವುದಿಲ್ಲ. ನನಗೆ ಕೇಳಿಸಿದೆ, ಆದರೂ ಬರೆಯುವುದಿಲ್ಲ. ಇಪ್ಪತ್ತೊಂಬತ್ತನೇ ತಾರೀಕಿಗೆ ಅವನಿಗೆ ಇಪ್ಪತ್ತೆಂಟು. ಅಜ್ಜಿ ದಾರ ಕಟ್ಟಿ ಕಿವಿಯಲ್ಲಿ ಹೇಳಲಿ. ಆಮೇಲೆ ಈ ಪುಟದ ಕೆಳಗೇ, ಇಷ್ಟು ಜಾಗ ಬಿಟ್ಟಿದ್ದೇನೆ, ಇಲ್ಲೇ—

ಕರೆಯುತ್ತಿದ್ದಾರೆ.